ಹೆದರಿದಾಗ ಕಟ್ಟುವ ಹಿಂಡು

ನಿಪ್ಪಾಣಿಯಲ್ಲಿ ನನ್ನ ಸೋದರಮಾವನ ಪಡಸಾಲೆಯಲ್ಲಿ ಐದಡಿ ಉದ್ದದ ಸಮುದ್ರವೊಂದಿದೆ. ನಿಜವಾದ ಸಮುದ್ರ ನೋಡಬೇಕೆಂದರೆ ಇಲ್ಲಿಂದ ಸಹ್ಯಾದ್ರಿ ಇಳಿದು ಕೊಂಕಣಕ್ಕೆ ಹೋಗಬೇಕು. ಮಾವ ಶುದ್ಧೀಕರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಉಪ್ಪು ಬೆರೆಸಿ ಅದನ್ನು ಮನೆಯಲ್ಲೇ ಮಾಡಿಕೊಂಡಿದ್ದಾನೆ. ಅಥಣಿ, ರಾಯಬಾಗ, ಕಾಗವಾಡದ ಕಡೆ ಅತಿಯಾಗಿ ನೀರುಂಡ ಕಬ್ಬಿನ ಹೊಲಗಳು ಸವಳು ಹಿಡಿದಿವೆ. ಉಪ್ಪು ಬಸಿದು ಹೋಗಲೆಂದು ರೈತರು ನೆಲದಡಿ ಪೈಪು ಹೂಳಿಸುತ್ತಾರೆ. ಅಂಥ ಸೀಮೆಯಲ್ಲಿ ರೊಕ್ಕ ಕೊಟ್ಟು ಉಪ್ಪು ತರಿಸುವವನು ಇವನೊಬ್ಬನೇ ಎಂದು ಅಜ್ಜಿ ನಗುತ್ತಾಳೆ.

ಆ ನೀರಿನಲ್ಲಿರುವುದು ಏಳು ಆಂಥಿಯಸ್ ಮೀನುಗಳು. ಆರು ಹೆಣ್ಣು, ಹಣ್ಣಾದ ಕಿತ್ತಳೆಯ ಬಣ್ಣದವು. ಒಂದು ಗಂಡು, ನೇರಳೆ ಛಾಯೆಯದು, ಬೆನ್ನ ಮೇಲೆ ಉದ್ದನೆಯ ಒಂದು ಎಳೆ. ಜೀವಂತ ಹವಳ ನಮ್ಮ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವುದರಿಂದ ಮಾವ ಕೃತಕ ಬಂಡೆಗಳನ್ನಷ್ಟೇ ಜೋಡಿಸಿದ್ದಾನೆ. ಕೆಂಪು ಸಮುದ್ರದಿಂದ ಹಿಂದೂ ಮಹಾಸಾಗರದುದ್ದಕ್ಕೂ ಹವಳದ ದಿಬ್ಬಗಳ ಮೇಲೆ ಈ ಮೀನುಗಳು ದೊಡ್ಡ ಹಿಂಡುಗಳಲ್ಲಿ ಬದುಕುತ್ತವೆ. ಗಂಡು ಸತ್ತರೆ ಹೆಣ್ಣುಗಳಲ್ಲೇ ಬಲಿಷ್ಠವಾದದ್ದು ಕೆಲವು ವಾರಗಳಲ್ಲಿ ಗಂಡಾಗಿ ಮಾರ್ಪಡುತ್ತದೆ. ಇದನ್ನು 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದವರು ಇಸ್ರೇಲಿನ ಲೆವ್ ಫಿಶೆಲ್ಸನ್. ಅಂದರೆ ತಾನು ಯಾರು ಎಂಬುದನ್ನೇ ಸುತ್ತಲಿನವರಿಂದ ಪಡೆಯುವ ಜೀವ ಇದು. ಒಂದನ್ನೇ ತಂದು ಸಾಕುವುದು ತಪ್ಪು ಎಂದುಕೊಂಡೇ ಮಾವ ಏಳು ತಂದ.

ತಂದ ಮೊದಲ ವಾರಗಳಲ್ಲಿ ಅವು ಒಂದೇ ಮೈಯಂತೆ ತಿರುಗುತ್ತಿದ್ದವಂತೆ. ಆಮೇಲೆ ಚದುರಿದವು. ಒಂದು ಈ ಮೂಲೆ ಹಿಡಿಯಿತು, ಇನ್ನೊಂದು ಪಂಪಿನ ಹಿಂದೆ. ದೊಡ್ಡ ಹೆಣ್ಣು ಚಿಕ್ಕದನ್ನು ಅಟ್ಟಿಸಿಕೊಂಡು ಹೋಗತೊಡಗಿತು. “ಹಿಂಡಿಗಂತ ರೊಕ್ಕಾ ಕೊಟ್ಟೆ, ಬಂದದ್ದು ಏಳು ಮೀನ” ಎಂಬುದು ಮಾವನ ಕೊರಗು.

ಈ ಬೇಸಿಗೆಯಲ್ಲಿ ಮಹಾಪ್ರಬಂಧದ ಒಂದು ಅಧ್ಯಾಯ ಮುಗಿಸಲೆಂದು ಧಾರವಾಡದಿಂದ ಅಲ್ಲಿಗೆ ಹೋಗಿದ್ದೆ. ಮಾವ ಹತ್ತು ದಿನ ಊರಲ್ಲಿರಲಿಲ್ಲ. ಮೀನು ನನ್ನ ಪಾಲಿಗೆ ಬಂದವು. ಪ್ರವಾಹದಲ್ಲಿ ತೇಲಿಬರುವ ಸೂಕ್ಷ್ಮಜೀವಿಗಳನ್ನು ದಿನವಿಡೀ ಹೆಕ್ಕಿ ತಿನ್ನುವ ಜೀವಗಳಾದ್ದರಿಂದ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ಆಹಾರ ಹಾಕಬೇಕು. ಮೂರನೆಯ ದಿನ ಗಾಜಿನ ಪಾಚಿ ಒರೆಸಲು ಮೇಲಿಂದ ಕೈ ಚಾಚಿದೆ. ಕೈಯ ನೆರಳು ನೀರಿನ ಮೇಲೆ ಬಿದ್ದದ್ದೇ ತಡ, ಏಳೂ ಮೀನು ಒಟ್ಟಾಗಿ ಒಂದು ಕಿತ್ತಳೆ ಮುದ್ದೆಯಾದವು, ಒಟ್ಟಿಗೇ ತಿರುಗಿದವು, ಒಟ್ಟಿಗೇ ಬಂಡೆಯ ಕಡೆ ಧಾವಿಸಿದವು. ಎಂಥ ಚೆಲುವು! ಮಾವನ ಆರು ವರ್ಷದ ಮಗ ಚಪ್ಪಾಳೆ ತಟ್ಟಿ, “ಇನ್ನೊಮ್ಮಿ ಮಾಡು” ಅಂದ.

ಮಾಡಿದೆ. ಸಂಜೆ ನೆರೆಯ ಮಕ್ಕಳಿಗೂ ಮಾಡಿ ತೋರಿಸಿದೆ. ಮರುದಿನ ಚಿಕ್ಕ ಹೆಣ್ಣು ಬಂಡೆಯ ಸಂದಿನಿಂದ ಊಟಕ್ಕೆ ಹೊರಬರಲಿಲ್ಲ.

ಜೀವವಿಜ್ಞಾನಿ ಡಬ್ಲ್ಯೂ. ಡಿ. ಹ್ಯಾಮಿಲ್ಟನ್ 1971ರ ಒಂದು ಪ್ರಬಂಧದಲ್ಲಿ ಒಂದು ದುಂಡನೆಯ ಕೊಳವನ್ನು ಕಲ್ಪಿಸಿಕೊಳ್ಳುತ್ತಾರೆ. ಕೊಳದೊಳಗೆ ಹಾವು, ದಡದ ಮೇಲೆ ಕಪ್ಪೆಗಳು. ಹಾವು ತಲೆಯೆತ್ತುವ ಹೊತ್ತಿಗೆ ಪ್ರತಿ ಕಪ್ಪೆಯೂ ಇನ್ನೆರಡು ಕಪ್ಪೆಗಳ ನಡುವೆ ನುಸುಳಲು ಜಿಗಿಯುತ್ತದೆ. ತನಗಿಂತ ಮೊದಲು ಪಕ್ಕದ್ದು ಸಿಗಲಿ ಎಂದು. ಹೀಗೆ ಜಿಗಿದು ಜಿಗಿದು ಗುಂಪಾಗುತ್ತವೆ. ಎಲ್ಲ ಹಿಂಡಿಗೂ ಇದೊಂದೇ ಕಾರಣವಲ್ಲ, ಸರಿ. ಆದರೆ ನಮ್ಮಲ್ಲಿ ಸೊಳ್ಳೆ ಮರಿ ತಿನ್ನಲೆಂದು ತೊಟ್ಟಿಗೆ ಬಿಡುವ ಗಪ್ಪಿಗಳು ಕೂಡ, ಅವುಗಳ ತವರಾದ ಟ್ರಿನಿಡಾಡಿನಲ್ಲಿ, ಬೇಟೆಮೀನು ಹೆಚ್ಚಿರುವ ತೊರೆಗಳಲ್ಲಿ ಹೆಚ್ಚು ಒತ್ತಾಗಿ ಗುಂಪುಗೂಡುತ್ತವೆ. ಮಾವನಿಗೆ ಹಿಂಡು ಬೇಕು. ಅವನು ಕೊಟ್ಟದ್ದು ಅಭಯ. ಎರಡೂ ಒಂದೇ ತೊಟ್ಟಿಯಲ್ಲಿ ನಿಲ್ಲುತ್ತಿಲ್ಲ. ದೊಡ್ಡ ಮೀನೊಂದನ್ನು ಜೊತೆಗೆ ಬಿಟ್ಟರೆ ಇವು ಮತ್ತೆ ಒಂದಾಗುತ್ತವೆ ಎಂದು ಅವನು ಲೆಕ್ಕ ಹಾಕುತ್ತಲೂ ಇದ್ದಾನೆ.

ಅವನನ್ನು ಕ್ರೂರಿ ಎನ್ನುವ ಬಾಯಿ ನನಗಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ಚಿಕ್ಕೋಡಿ ಸೀಮೆಯ ನಮ್ಮೂರು ನೀರಲ್ಲಿ ನಿಂತಿತ್ತು. ಶಾಲೆಯೊಂದರ ಕಾಳಜಿ ಕೇಂದ್ರದಲ್ಲಿ ಎಲ್ಲ ಓಣಿಯವರೂ ಒಂದೇ ಸಾಲಲ್ಲಿ ಉಂಡೆವು. ಒಬ್ಬರ ಮನೆಯ ನೀರು ಇನ್ನೊಬ್ಬರು ಮುಟ್ಟದವರು ಒಂದೇ ಜಮಖಾನೆಯ ಮೇಲೆ ಮಲಗಿದರು. ಹೊಳೆ ಇಳಿಯಿತು, ಓಣಿಗಳು ತಮ್ಮ ತಮ್ಮ ಜಾಗಕ್ಕೆ ಮರಳಿದವು, ನೀರಿನ ಕೊಡಗಳೂ. ಆ ದಿನಗಳ ಕಥೆಯನ್ನು ಹಾಸ್ಟೆಲಿನಲ್ಲಿ ಎಷ್ಟು ಆಸೆಯಿಂದ ಹೇಳಿದ್ದೇನೆಂದರೆ, ಕೇಳಿದವರಿಗೆ ನೆರೆ ಇನ್ನೊಮ್ಮೆ ಬರಲಿ ಅನ್ನಿಸಬೇಕು. ಮಹಾಪ್ರಬಂಧದಲ್ಲಿ ‘ಸಮುದಾಯ’ ಎಂಬ ಪದ ಪುಟಕ್ಕೊಂದರಂತೆ ಬರುತ್ತದೆ. ಅದರಲ್ಲಿ ಎಷ್ಟು ಪಾಲು ನೆರಳು ಬಿದ್ದಾಗಿನ ಮುದ್ದೆಯೋ.

ಹಾಗೆಂದು ಚದುರಿದ್ದೇ ಸ್ವಾತಂತ್ರ್ಯ ಎನ್ನೋಣವೇ? ಅದೂ ಸುಳ್ಳು. ಹೊರಗಿನ ಭಯ ಹೋದ ತೊಟ್ಟಿಯಲ್ಲಿ ಚಿಕ್ಕ ಹೆಣ್ಣಿಗೆ ದೊಡ್ಡದರ ಭಯ ಉಳಿದಿದೆ. ಕಡಲಲ್ಲಾದರೆ ಓಡಲು ಜಾಗವಿತ್ತು, ಇಲ್ಲಿ ಐದಡಿ. ಕನ್ನಡದಲ್ಲಿ ‘ಸಾಕು’ ಎಂದರೆ ಪೋಷಿಸು ಎಂದೂ ಹೌದು, ಇಷ್ಟಾದರೆ ಆಯಿತು ಎಂದೂ ಹೌದು. ಜೀವ ಇದೆ, ಊಟ ಮಾಡುತ್ತಿದೆ, ಸಾಕು ಎನ್ನುವುದು ಸುಲಭ. ಸಾಕಿದವನು ಆ ಎರಡನೆಯ ಅರ್ಥದಲ್ಲಿ ಸಾಕು ಎನ್ನಬಾರದೇನೋ ಎಂಬುದು ಆ ಹತ್ತು ದಿನಗಳಲ್ಲಿ ನನಗೆ ಹತ್ತಿದ ಗುಮಾನಿ.

ಬಂಡೆಗಳನ್ನು ಸರಿಸಿ ಅಡಗಲು ಇನ್ನೆರಡು ಸಂದು ಮಾಡಿದೆ. ಆಹಾರವನ್ನು ಒಂದೇ ಕಡೆ ಸುರಿಯದೆ ಪಂಪಿನ ಬಾಯಿಗೆ ಹನಿಹನಿಯಾಗಿ ಬಿಟ್ಟೆ. ಅದು ತೊಟ್ಟಿಯುದ್ದಕ್ಕೂ ತೇಲಿತು. ಆಗ ಮೀನುಗಳು ಒಂದೊಂದಾಗಿ ಬಂದು, ನೀರಿನ ಸೆಳೆತಕ್ಕೆ ಮುಖಮಾಡಿ, ನಡುನಡುವೆ ಗೇಣು ಜಾಗ ಬಿಟ್ಟು ನಿಂತವು. ಕೊನೆಗೆ ಚಿಕ್ಕ ಹೆಣ್ಣೂ ಬಂದು ತುದಿಯಲ್ಲಿ ನಿಂತಿತು. ಅದನ್ನು ಹಿಂಡು ಎನ್ನಬಹುದೋ ಇಲ್ಲವೋ. ಹುಡುಗನಿಗೆ ಮಾತ್ರ ಬೇಸರ ಬಂತು, ಎದ್ದು ಹೋದ.

ಹನ್ನೊಂದನೆಯ ದಿನ ಮಾವ ಬಂದ. ಚಪ್ಪಲಿ ಬಿಡುವ ಮೊದಲೇ ಗಾಜಿನೊಳಗೆ ಇಣುಕಿ, “ಹಿಂಡ ಕಟ್ಟಿದ್ವೇನ?” ಎಂದು ಕೇಳಿದ. ನಾನು ಹೇಳಲು ಶುರು ಮಾಡಿದ್ದೆ. ಅಷ್ಟರಲ್ಲಿ ಹುಡುಗ ಸ್ಟೂಲು ಹತ್ತಿ ನೀರಿನ ಮೇಲೆ ಕೈ ಚಾಚಿದ. ನಾನು ಅವನ ರಟ್ಟೆ ಹಿಡಿಯುವಷ್ಟರಲ್ಲಿ ಏಳೂ ಒಂದಾಗಿದ್ದವು, ಮಾವನ ಮುಖ ಅರಳಿತ್ತು.