ಹಗೆಯನ್ನು ತಡೆಯಬಲ್ಲವನಾರು?

ಕೊಲೆಗೆ ಕೊಲೆಯೇ ಉತ್ತರವೆಂದು ಬಗೆದವನ ಮನಸ್ಸನ್ನು ತಿರುಗಿಸಬಲ್ಲವನಾರು? ದಂಡದ ಭಯವು ಕೈಯನ್ನು ಕಟ್ಟಬಹುದು. ಎದೆಯೊಳಗಣ ಕಿಚ್ಚನ್ನು ಆರಿಸಲಾರದು. ಈ ಪ್ರಶ್ನೆಗೆ ಅಮೆರಿಕದ ಚಿಕಾಗೋ ನಗರದಲ್ಲಿ ದೊರೆತ ಉತ್ತರವು ವಿಚಾರಾರ್ಹವಾಗಿದೆ.

ಗ್ಯಾರಿ ಸ್ಲಟ್ಕಿನ್ ಎಂಬ ವೈದ್ಯರು ಆಫ್ರಿಕದಲ್ಲಿ ಕಾಲರಾ, ಏಡ್ಸ್ ಮೊದಲಾದ ರೋಗಗಳ ನಿವಾರಣೆಗಾಗಿ ದುಡಿದು ಸ್ವದೇಶಕ್ಕೆ ಮರಳಿದವರು. ಹಿಂಸೆಯೂ ಒಬ್ಬರಿಂದೊಬ್ಬರಿಗೆ ಹರಡುವ ವ್ಯಾಧಿಯೆಂದು ಅವರು ಬಗೆದರು. ಅವರ 'ಸೀಸ್‌ಫೈರ್' ಕಾರ್ಯವು 2000ದಲ್ಲಿ ಆ ನಗರದ ವೆಸ್ಟ್ ಗಾರ್ಫೀಲ್ಡ್ ಪಾರ್ಕ್ ಎಂಬ ಬಡಾವಣೆಯಲ್ಲಿ ಮೊದಲಾಯಿತು. 2004ರಿಂದ, ಹಗೆಗಳ ನಡುವೆ ನಿಂತು ತಡೆಯುವವರನ್ನೇ ಪ್ರತ್ಯೇಕವಾಗಿ ನೇಮಿಸಲಾಯಿತು. ಇವರಲ್ಲಿ ಬಹುಮಂದಿ ಹಿಂದೆ ಪುಂಡರ ಗುಂಪುಗಳಲ್ಲಿದ್ದು ಸೆರೆಮನೆಯನ್ನು ಕಂಡವರು. ಗುಂಡೇಟು ತಿಂದವನ ಬಂಧುಮಿತ್ರರ ಬಳಿಗೆ ಹೋಗಿ, ಅವರ ಸೇಡಿನ ಮಾತನ್ನು ತಾಳ್ಮೆಯಿಂದ ಕೇಳಿ, ಕೋಪದ ಆ ಗಳಿಗೆಯನ್ನು ದಾಟಿಸುವುದೇ ಅವರ ಕೆಲಸ. ಕೇಳಿದುದನ್ನು ಇವರು ಪೊಲೀಸರಿಗೆ ಒಪ್ಪಿಸುವುದಿಲ್ಲವೆಂಬ ನಂಬಿಕೆಯಿರುವುದರಿಂದಲೇ ಅವರಿಗೆ ಮನೆಯ ಬಾಗಿಲು ತೆರೆಯುತ್ತದೆ.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ನೇರವಾಗಿ ಬಾಳಿದ ಬಡವನಿಗೆ ಕೆಲಸವಿಲ್ಲದಿರುವಾಗ ಹಿಂದೆ ಕೇಡು ಮಾಡಿದವನಿಗೆ ಸಂಬಳವೆ? ಮಗನನ್ನು ಕಳೆದುಕೊಂಡ ತಾಯಿ ಇದನ್ನು ಹೇಗೆ ಸಹಿಸಿಯಾಳು? ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಕ್ಷಮಿಸುವ ಹಕ್ಕು ಆ ತಾಯಿಯದು. ಅವಳ ಪರವಾಗಿ ಬೇರಾರೂ ಕ್ಷಮಿಸಲಾರರು. ಆದರೆ ಈ ಕೆಲಸವು ಕ್ಷಮಾಪತ್ರವಲ್ಲ. ಮತ್ತೊಬ್ಬ ತಾಯಿಗೆ ಅದೇ ದುಃಖ ಬಾರದಂತೆ ದುಡಿಯೆಂದು ಅದು ಅವನ ಮೇಲೆ ಹೊರಿಸಿದ ಋಣ. ಅವನನ್ನು ಆರಿಸಿದುದು ಪಾಪಕ್ಕಾಗಿಯಲ್ಲ, ಪಾಪದಿಂದ ಹಿಂದಿರುಗಿದುದಕ್ಕಾಗಿ. ಕಾಡಿನಲ್ಲಿ ದಾರಿ ತಪ್ಪಿ ಹೊರಬಂದವನೇ ಒಳಗಿರುವವನನ್ನು ಹುಡುಕಿ ತರಬಲ್ಲನಷ್ಟೆ.

ಆ ಋಣವು ಅಗ್ಗದ್ದಲ್ಲ. 2007ರಲ್ಲಿ ಇದೇ ಕ್ರಮವನ್ನು ಕೈಗೊಂಡ ಬಾಲ್ಟಿಮೋರ್ ನಗರದಲ್ಲಿ, 2021 ಮತ್ತು 2022ರಲ್ಲಿ ಇಂತಹ ಮೂವರು ಕಾರ್ಯಕರ್ತರು ಕೊಲೆಗೀಡಾದರು. ಫಲವೂ ಎಲ್ಲೆಡೆ ಒಂದೇ ತೆರನಲ್ಲ. ಚಿಕಾಗೋದ ಏಳು ಪ್ರದೇಶಗಳನ್ನು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಪರಿಶೀಲಿಸಿ 2008ರಲ್ಲಿ ನೀಡಿದ ವರದಿಯಂತೆ, ಕೆಲವೆಡೆ ಈ ಕಾರ್ಯದಿಂದ ಗುಂಡಿನ ದಾಳಿಗಳು ಇಳಿದುವು. ಉಳಿದೆಡೆ ಹಾಗೆ ಹೇಳಲಾಗಲಿಲ್ಲ. ಆದುದರಿಂದ ಇದು ಸರ್ವರೋಗಹರವಾದ ಮದ್ದಲ್ಲ. ನ್ಯಾಯಾಲಯಕ್ಕೆ ಬದಲಿಯೂ ಅಲ್ಲ.

ಆದರೂ ಒಂದು ಮಾತು ಸ್ಪಷ್ಟ. ಶಾಂತಿಯನ್ನು ಕಾಯುವ ಹೊಣೆ ಅಧಿಕಾರಿಗಳದು ಮಾತ್ರವೆಂದು ನೆರೆಹೊರೆಯವರು ಕೈಕಟ್ಟಿ ಕುಳಿತುಕೊಳ್ಳಲಾಗದು. ತಪ್ಪಿ ನಡೆದವನು ತಿದ್ದಿಕೊಂಡು ಬಂದಾಗ ಊರು ಬಾಗಿಲು ಮುಚ್ಚಿದರೆ, ಹಳೆಯ ಗುಂಪಿನ ಬಾಗಿಲೊಂದೇ ಅವನಿಗೆ ತೆರೆದಿರುತ್ತದೆ. ಅವನು ಅಲ್ಲಿಗೇ ಮರಳಿದರೆ ಅದರಲ್ಲಿ ಊರಿನ ಪಾಲೆಷ್ಟು ಎಂಬುದನ್ನು ಸಜ್ಜನರು ಆಲೋಚಿಸಬೇಕು.