ಹೆಸರೋ, ಸ್ಕಾಲರ್‌ಶಿಪ್ಪೋ?

ಇಲ್ಲಿ ಅಮೆರಿಕದಲ್ಲಿ ನಮ್ಮ ಮಗಳಿಗೋ ಮಗನಿಗೋ ಎಂ.ಬಿ.ಎ.ಗೆ ಎರಡು ಕಡೆ ಸೀಟು ಸಿಕ್ಕಿದೆ ಎನ್ನೋಣ. ಒಂದು ಬಹಳ ಹೆಸರಾದ ಕಾಲೇಜು. ಫೀಸಿಗೆ ಸಾಲವೇ ಗತಿ. ಇನ್ನೊಂದಕ್ಕೆ ಅಷ್ಟು ಹೆಸರಿಲ್ಲ, ಆದರೆ ಸ್ಕಾಲರ್‌ಶಿಪ್ ಕೊಡುತ್ತದೆ. ಯಾವುದು ಸರಿ?

ಮೊದಲು ಲೆಕ್ಕ. 1 ಲಕ್ಷ ಡಾಲರ್ ಸಾಲಕ್ಕೆ ಶೇಕಡಾ 8ರ ಬಡ್ಡಿಯಾದರೆ 10 ವರ್ಷ, ತಿಂಗಳಿಗೆ ಸುಮಾರು 1,213 ಡಾಲರ್ ಕಟ್ಟಬೇಕು. ಕಂತು ತೀರುವವರೆಗೆ ಸ್ವಂತ ಉದ್ಯಮ, ಸೇವಾಸಂಸ್ಥೆಯ ಕೆಲಸ, ಊರಿಗೆ ಮರಳುವ ಯೋಚನೆ ಎಲ್ಲವೂ ಕಾಯಬೇಕಾದೀತು.

ಹಾಗೆಂದು ಸ್ಕಾಲರ್‌ಶಿಪ್ ಕೊಟ್ಟವರೇ ನಮ್ಮ ಮಕ್ಕಳನ್ನು ಹೆಚ್ಚು ಮೆಚ್ಚಿದರು ಎನ್ನಲಾಗದು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ನೆರವು ಕೊಡುವುದು ಹಣದ ಅಗತ್ಯ ನೋಡಿ. ಬೇರೆ ಹಲವು ಕಾಲೇಜುಗಳು ಒಳ್ಳೆಯ ವಿದ್ಯಾರ್ಥಿಗಳನ್ನು ಸೆಳೆಯಲೆಂದೇ ಕೊಡುತ್ತವೆ. ಕನ್ಸಲ್ಟಿಂಗ್‌ನಂಥ ಕೆಲಸಗಳಲ್ಲಿ ಕಾಲೇಜಿನ ಹೆಸರಿಗೆ ಮಣೆ ಹಾಕುವುದೂ ನಿಜ. ಮಕ್ಕಳಿಗೆ ಆ ಕೆಲಸವೇ ಬೇಕಿದ್ದರೆ ಸಾಲ ತಪ್ಪಲ್ಲ.

ಆದರೆ ಆ ಹೆಸರು ಬೇಕಾಗಿರುವುದು ಯಾರಿಗೆ? ಯುಗಾದಿ ಊಟದ ಸಾಲಿನಲ್ಲಿ ಹೇಳಿಕೊಳ್ಳುವ ಹೆಮ್ಮೆ ನಮ್ಮದು, ಹತ್ತು ವರ್ಷದ ಕಂತು ಅವರದು ಎಂದಾದರೆ ಅದು ನ್ಯಾಯವಲ್ಲ. ಕಂತು ಕಟ್ಟುವವರೇ ಆರಿಸಲಿ. ನಾವು ಪಕ್ಕದಲ್ಲಿ ಕೂತು ಲೆಕ್ಕಕ್ಕೆ ನೆರವಾಗೋಣ.