ಊರ ಉಸಾಬರಿ ನಿನಗ್ಯಾಕ?

ನಮ್ಮ ಕಡೆ, ಅಂದರೆ ಗದಗ ಜಿಲ್ಲೆಯಲ್ಲಿ, ಯಾರಾದರೂ ತನ್ನದಲ್ಲದ ವಿಷಯಕ್ಕೆ ಕೈ ಹಾಕಿದರೆ ಮೊದಲು ಬರೋ ಮಾತು ಇದು: "ಊರ ಉಸಾಬರಿ ನಿನಗ್ಯಾಕ?" ಕೇಳೋಕೆ ಪ್ರಶ್ನೆ ಥರ ಇದ್ದರೂ ಇದು ಬುದ್ಧಿವಾದ. ಹೇಳೋರು ಕೆಟ್ಟವರಲ್ಲ, ಹೆಚ್ಚಿನ ಸಲ ಅವ್ವನೋ ಅಜ್ಜಿಯೋ ಆಗಿರ್ತಾರೆ. ಊರ ಕೆಲಸ ಅಂತ ತಿರುಗಿದವನ ಹೊಲ ಬೀಳು ಬಿದ್ದದ್ದನ್ನ ಅವರು ಕಣ್ಣಾರೆ ನೋಡಿರ್ತಾರೆ. ಬೆಂಗಳೂರಿಗೆ ಬಂದ ಮೇಲೂ ಇದೇ ಮಾತು ನನಗೆ ಸಿಕ್ಕಿತು, ವೇಷ ಮಾತ್ರ ಬೇರೆ. ಇಲ್ಲಿ ಅದಕ್ಕೆ "ನಿನ್ನ ಟಿಕೆಟ್ ನೀನು ಕ್ಲೋಸ್ ಮಾಡು" ಅಂತಾರೆ.

ಈ ಬುದ್ಧಿವಾದವನ್ನ ಮೀರಬೇಕಾ, ಮೀರಿದರೆ ಎಷ್ಟು ದೂರ ಅನ್ನೋ ಪ್ರಶ್ನೆಯನ್ನ ನನ್ನ ಮುಂದೆ ತಂದಿಟ್ಟವಳು ನಮ್ಮ ಕಾಕಾನ ಮಗಳು. ಬೆಂಗಳೂರಿನ ಒಂದು ಸಂಶೋಧನಾ ಕೇಂದ್ರದಲ್ಲಿ ಪಿಎಚ್‌ಡಿ ಮಾಡ್ತಾಳೆ. ವಿಷಯ ಸ್ಟ್ರಕ್ಚರಲ್ ಬಯಾಲಜಿ, ಅಂದರೆ ನಮ್ಮ ಮೈಯೊಳಗಿನ ಪ್ರೋಟೀನುಗಳು ಯಾವ ಆಕಾರದಲ್ಲಿ ಮಡಚಿಕೊಂಡಿರ್ತಾವೆ ಅಂತ ಹುಡುಕೋ ಕೆಲಸ. ಆಕಾರ ಗೊತ್ತಾದರೆ ಅದು ಏನು ಮಾಡುತ್ತೆ, ಯಾವ ಔಷಧಿ ಅದಕ್ಕೆ ಹೋಗಿ ಕೂರುತ್ತೆ ಅನ್ನೋದೂ ಗೊತ್ತಾಗುತ್ತಂತೆ. ಊರಲ್ಲಿ ಕಾಕಾನಿಗೆ ಇದನ್ನ ತಿಳಿಸೋಕೆ ಅವಳು ಶೇಂಗಾದ ಮೊರೆ ಹೋದಳು. ಶೇಂಗಾ ಬೀಜದಲ್ಲಿ ಲೆಕ್ಟಿನ್ ಅನ್ನೋ ಒಂದು ಪ್ರೋಟೀನ್ ಇದೆ. ಅದರ ರಚನೆಯನ್ನ ಬಿಡಿಸಿ 1994ರಲ್ಲಿ ಪ್ರಕಟಿಸಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಎಂ. ವಿಜಯನ್ ಅವರ ತಂಡ. ಲಕ್ಷ್ಮೇಶ್ವರದ ಮಾರ್ಕೆಟ್ಟಿಗೆ ವರ್ಷಾ ವರ್ಷಾ ಶೇಂಗಾ ಚೀಲ ಹಾಕಿದ ಕಾಕಾ ಇದನ್ನ ಕೇಳಿ, "ನಾವು ಮಾರಿದ್ದರಾಗ ಇಷ್ಟೆಲ್ಲಾ ಇತ್ತಾ?" ಅಂದ.

ಆ ಪ್ರೋಟೀನಿನಲ್ಲಿ ಒಂದೇ ಥರದ ನಾಲ್ಕು ಭಾಗಗಳು ಸೇರಿಕೊಂಡಿವೆ. ನಾಲ್ಕೂ ಒಂದೇ ಥರ ಇದ್ದರೆ ಜೋಡಣೆಯೂ ಪೂರ್ತಿ ಸಮಸಮ ಇರುತ್ತೆ ಅಂತ ವಿಜ್ಞಾನಿಗಳು ನಿರೀಕ್ಷೆ ಮಾಡ್ತಾರೆ. ಇಲ್ಲಿ ಹಾಗಿರಲಿಲ್ಲ, ಅದೇ ಆ ಸಂಶೋಧನೆಯ ಸುದ್ದಿ. "ಒಂದೇ ಥರದವ್ರು ಕೂಡಿದ್ರೂ ಎಲ್ಲಾರಿಗೂ ಒಂದೇ ಥರದ ಜಾಗ ಸಿಗಲ್ಲ ಅಣ್ಣಾ" ಅಂತ ಅವಳು ನಕ್ಕಿದ್ದಳು. ಆಗ ಅವಳು ತನ್ನ ಕೇಂದ್ರದ ವಿದ್ಯಾರ್ಥಿ ಮಂಡಳಿಯ ಸದಸ್ಯೆ ಆಗಿ ಎರಡು ತಿಂಗಳಾಗಿತ್ತು.

ಹೇಗೆ ಆದಳು ಅಂದರೆ, ಅವಳ ಬ್ಯಾಚಿನಿಂದ ಬೇರೆ ಯಾರೂ ನಿಲ್ಲಲಿಲ್ಲ. ಮಂಡಳಿಯ ಕೆಲಸ ದೊಡ್ಡದೇನಲ್ಲ. ಹಾಸ್ಟೆಲ್ ಊಟ, ತಡವಾದ ಫೆಲೋಶಿಪ್, ರಾತ್ರಿ ಹೊತ್ತು ಲ್ಯಾಬಿನಿಂದ ಬರೋಕೆ ಗಾಡಿ, ಕೋಟಿಗಟ್ಟಲೆ ಬೆಲೆಯ ಮೈಕ್ರೋಸ್ಕೋಪಿನಲ್ಲಿ ಯಾವ ಲ್ಯಾಬಿಗೆ ಎಷ್ಟು ಗಂಟೆ ಅನ್ನೋ ಜಗಳ. ತಿಂಗಳಿಗೊಮ್ಮೆ ಪ್ರೊಫೆಸರುಗಳ ಜೊತೆ ಒಂದೇ ಟೇಬಲ್ಲಿಗೆ ಕೂತು ಇವನ್ನೆಲ್ಲಾ ಹೇಳಬೇಕು. ವಿಷಯ ಕೇಳಿದ ಚಿಗವ್ವ ಫೋನಿನಲ್ಲಿ ಹೇಳಿದ್ದು ನಿರೀಕ್ಷಿತವೇ: "ಯವ್ವಾ, ಮೊದಲ ನಿನ್ನ ಡಿಗ್ರಿ ಮುಗಿಸ್ಕೊ. ಊರ ಉಸಾಬರಿ ನಿನಗ್ಯಾಕ?"

ಚಿಗವ್ವನ ಭಯಕ್ಕೆ ಕಾರಣ ಇದೆ. ನಮ್ಮಂಥ ಇಂಜಿನಿಯರಿಗೆ ಮ್ಯಾನೇಜರ್ ಜೊತೆ ಸರಿಹೋಗದಿದ್ದರೆ ರೆಸ್ಯೂಮೆ ಅಪ್‌ಡೇಟ್ ಮಾಡಿ ಬೇರೆ ಕಡೆ ಹೋಗ್ತೀವಿ. ಪಿಎಚ್‌ಡಿ ವಿದ್ಯಾರ್ಥಿಗೆ ಗೈಡ್ ಅಂದರೆ ಗುರು, ಮೇಲಧಿಕಾರಿ, ಮುಂದಿನ ಹತ್ತು ವರ್ಷ ಶಿಫಾರಸು ಪತ್ರ ಬರೆಯೋರು, ಮೂರೂ ಒಬ್ಬರೇ. ನಾಲ್ಕನೇ ವರ್ಷದಲ್ಲಿ ಗೈಡ್ ಬದಲಾಯಿಸೋದು ಅಂದರೆ ಬಿತ್ತಿದ ಹೊಲ ಬಿಟ್ಟು ಬಂದ ಹಾಗೆ.

ಇದರಲ್ಲಿ ಒಳ್ಳೆಯದೂ ಇದೆ. ಪ್ರೋಟೀನಿನ ಆಕಾರ ಓದೋ ಪ್ರತಿಯೊಬ್ಬರೂ ಬಳಸೋ 'ರಾಮಚಂದ್ರನ್ ನಕ್ಷೆ' 1963ರಲ್ಲಿ ಮದ್ರಾಸಿನಿಂದ ಪ್ರಕಟವಾಯಿತು. ಲೇಖನದ ಮೇಲೆ ಮೂರು ಹೆಸರಿದ್ದವು: ಜಿ.ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್. ಕೊನೆಯ ಇಬ್ಬರೂ ರಾಮಚಂದ್ರನ್ ಕೈಯಲ್ಲಿ ವಿದ್ಯಾರ್ಥಿಗಳಾಗಿ ಬೆಳೆದವರು. ಗುರು 1971ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲಾರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು, ಮುಂದೆ ಇವರಿಬ್ಬರೂ ಅಲ್ಲೇ ಪ್ರೊಫೆಸರ್ ಆದರು. ಗುರು-ಶಿಷ್ಯ ಸಂಬಂಧ ಚೆನ್ನಾಗಿದ್ದರೆ ಅದರಿಂದ ಹೊರಡೋದು ಇಂಥದ್ದು. ಆದರೂ ಜಗತ್ತು ನೆನಪಿಟ್ಟದ್ದು ಒಂದೇ ಹೆಸರು. ಇದು ಯಾರ ಮೋಸವೂ ಅಲ್ಲ, ವಿಜ್ಞಾನದಲ್ಲಿ ಹೆಸರುಗಳು ಹಾಗೇ ಅಂಟಿಕೊಳ್ತಾವೆ. ವಿದ್ಯಾರ್ಥಿ ಮಾಡೋ ಕೆಲಸ ಏಕಕಾಲಕ್ಕೆ ಅವನ ಕಲಿಕೆಯೂ ಹೌದು, ಲ್ಯಾಬಿನ ದುಡಿಮೆಯೂ ಹೌದು. ಎಲ್ಲಿ ಕಲಿಕೆ ಮುಗಿದು ಎಲ್ಲಿ ದುಡಿಮೆ ಶುರುವಾಗುತ್ತೆ ಅನ್ನೋ ಗೆರೆ ಎಳೆಯೋ ಅಧಿಕಾರ ಮಾತ್ರ ಗುರುವಿನ ಕೈಯಲ್ಲಿರುತ್ತೆ.

ತಂಗಿಯ ಹತ್ತಿರ ಬಂದದ್ದು ಇದೇ ಗೆರೆಯ ವಿಷಯ. ಬೇರೆ ಲ್ಯಾಬಿನ ಒಬ್ಬ ಸೀನಿಯರ್, ಆರನೇ ವರ್ಷ. ಥೀಸಿಸ್‌ಗೆ ಸಾಕಾಗುವಷ್ಟು ಕೆಲಸ ಮುಗಿದಿದೆ ಅಂತ ಅವನ ನಂಬಿಕೆ. ಗೈಡ್ ಪ್ರತಿಸಲ "ಇನ್ನೊಂದು ಪೇಪರ್ ಆಗಲಿ" ಅಂತಾರೆ. ಊರಲ್ಲಿ ಅಪ್ಪನಿಗೆ ಹುಷಾರಿಲ್ಲ, ಫೆಲೋಶಿಪ್ ಅವಧಿ ಮುಗಿದಿದೆ, ಪ್ರಾಜೆಕ್ಟ್ ದುಡ್ಡಿನಲ್ಲಿ ತಿಂಗಳು ತಳ್ತಿದ್ದಾನೆ. "ಮಂಡಳಿಯಲ್ಲಿ ಇದನ್ನ ಎತ್ತು, ಆದರೆ ನನ್ನ ಹೆಸರು ಬರಬಾರದು" ಅಂದನಂತೆ.

ಆ ರಾತ್ರಿ ಅವಳು ಫೋನ್ ಮಾಡಿದಳು. "ಅಣ್ಣಾ, ಹೆಸರು ಹೇಳಲಿಲ್ಲ ಅಂದ್ರ ಅಲ್ಲಿ ಕೂತವ್ರು, ಇದು ಎಲ್ಲಿ ಆಗೇತಿ, ಒಂದು ಉದಾಹರಣೆ ಕೊಡು ಅಂತಾರ. ಉದಾಹರಣೆ ಕೊಟ್ರ ಹೆಸರು ಹೇಳಿದಂಗ. ಆ ಲ್ಯಾಬಿನಾಗ ಇರೋದ ಐದು ಮಂದಿ." ಇನ್ನೊಂದು ಸಂಗತಿಯನ್ನೂ ಅವಳು ತಡೆದು ಹೇಳಿದಳು. ಆ ಪ್ರೊಫೆಸರ್ ಇವಳ ಥೀಸಿಸ್ ಸಮಿತಿಯಲ್ಲೂ ಇದ್ದರು.

ಒಬ್ಬ ಪ್ರತಿನಿಧಿ ಇಂಥಲ್ಲಿ ಏನು ಮಾಡಬೇಕು? ನಮ್ಮಲ್ಲಿ ಹೆಚ್ಚಿನವರ ಉತ್ತರ "ಧೈರ್ಯ ಮಾಡಬೇಕು" ಅನ್ನೋದು. ಧೈರ್ಯದ ಮಾತು ಹೇಳೋಕೆ ಸುಲಭ, ಅದರಲ್ಲೂ ಬೇರೆಯವರಿಗೆ. ಆದ್ದರಿಂದ ನಾನು ನಮ್ಮ ಜಿಲ್ಲೆಯದೇ ಒಂದು ಉದಾಹರಣೆಯನ್ನ ಪಕ್ಕಕ್ಕಿಟ್ಟು ಯೋಚಿಸಿದೆ.

ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ದೇಶದ ಮೊದಮೊದಲ ಸಹಕಾರ ಸಂಘಗಳಲ್ಲೊಂದು. ಶಾಲೆಯಲ್ಲಿ ನಾವು ಇದನ್ನ ಒಂದು ಮಾರ್ಕಿನ ಪ್ರಶ್ನೆ ಅಂತ ಓದಿದ್ವಿ. ಆ ಕಾಲದ ಕಾಯಿದೆಯಲ್ಲಿ ಒಂದು ಸ್ವಾರಸ್ಯ ಇದೆ ಅಂತ ತಿಳಿದದ್ದು ಆಮೇಲೆ. 1904ರ ಸಹಕಾರ ಕಾಯಿದೆ ಪ್ರಕಾರ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇಲ್ಲ ಅನ್ನೋದೇ ಸಾಮಾನ್ಯ ನಿಯಮ. ಸಂಘ ಮುಳುಗಿದರೆ ಪ್ರತಿ ಸದಸ್ಯನ ಆಸ್ತಿಯೂ ಅದಕ್ಕೆ ಹೊಣೆ. ಹೀಗಿದ್ದಾಗ ಊರ ಉಸಾಬರಿ ಪ್ರತಿಯೊಬ್ಬರ ಉಸಾಬರಿಯೂ ಆಗಿಬಿಡುತ್ತೆ. ಪಕ್ಕದ ಮನೆಯವನು ಸಾಲ ತಗೊಂಡು ಏನು ಮಾಡಿದ ಅಂತ ಕೇಳೋಕೆ ಎಲ್ಲರಿಗೂ ಹಕ್ಕೂ ಇದೆ, ಕಾರಣವೂ ಇದೆ. ಸಂಘದಲ್ಲಿ ಕೂತವನು ನಾಳೆ ಅದೇ ಊರಲ್ಲಿ ಎದ್ದು ಅದೇ ಮುಖಗಳನ್ನ ನೋಡಬೇಕು. ಅವನನ್ನ ಪ್ರಾಮಾಣಿಕನಾಗಿ ಇಡೋದು ಅವನು ಅಲ್ಲೇ ಉಳೀತಾನೆ ಅನ್ನೋದು.

ವಿದ್ಯಾರ್ಥಿ ಮಂಡಳಿಯಲ್ಲಿ ಇದು ಪೂರ್ತಿ ತಲೆಕೆಳಗು. ಸದಸ್ಯರು ಒಂದು ವರ್ಷ ಇರ್ತಾರೆ, ಆಮೇಲೆ ಒಬ್ಬರು ಜರ್ಮನಿಗೆ, ಒಬ್ಬರು ಪುಣೆಗೆ. ಕೇಳಿದ್ದು ಸಿಗೋ ಹೊತ್ತಿಗೆ ಕೇಳಿದವರೇ ಇರಲ್ಲ. ದೇಶದ ಸಂಶೋಧನಾ ವಿದ್ಯಾರ್ಥಿಗಳ ಫೆಲೋಶಿಪ್ ಲೆಕ್ಕ ನೋಡಿ. ಜೂನಿಯರ್ ರಿಸರ್ಚ್ ಫೆಲೋಶಿಪ್ 2014ರಲ್ಲಿ 16,000ದಿಂದ 25,000 ರೂಪಾಯಿ ಆಯಿತು, 2019ರಲ್ಲಿ 31,000, 2023ರಲ್ಲಿ 37,000. ಪ್ರತಿ ಸಲವೂ ಹಿಂದೆ ಮನವಿ ಪತ್ರಗಳಿದ್ದವು, 2019ರ ಜನವರಿಯಲ್ಲಂತೂ ದೆಹಲಿಯ ಬೀದಿಯಲ್ಲಿ ಕೂತು ಪೊಲೀಸರ ವ್ಯಾನ್ ಹತ್ತಿದವರಿದ್ದರು. ಅವರಲ್ಲಿ ಆಗಲೇ ಐದನೇ ವರ್ಷದಲ್ಲಿದ್ದವರಿಗೆ 2023ರ ಏರಿಕೆಯಲ್ಲಿ ಒಂದು ಪೈಸೆಯೂ ಬರಲಿಲ್ಲ.

ಅಂದರೆ ಕಣಗಿನಹಾಳದ ಲಾಜಿಕ್ ಇಲ್ಲಿ ನಡೆಯಲ್ಲ. ಹೊಣೆ ಇದೆ, ಪಾಲು ಇಲ್ಲ. ಕಳೆದುಕೊಳ್ಳೋದು ಈಗ, ಇವಳು. ಪಡೆಯೋದು ಆಮೇಲೆ, ಇನ್ಯಾರೋ. ಸ್ವಂತ ಲಾಭದ ಲೆಕ್ಕದಲ್ಲಿ ಇದನ್ನ ಸಮರ್ಥಿಸೋಕೆ ಆಗಲ್ಲ, ಚಿಗವ್ವನ ಮಾತೇ ಗೆಲ್ಲುತ್ತೆ. ಆದರೆ ಇವಳು ಇವತ್ತು ತಿನ್ನೋ ಫೆಲೋಶಿಪ್ ಕೂಡ, ಇವಳ ಹೆಸರೂ ಗೊತ್ತಿಲ್ಲದ ಯಾರೋ ಮಾಡಿದ ಉಸಾಬರಿಯೇ. ಆ ಸಾಲ ಕೊಟ್ಟವರಿಗೆ ವಾಪಸ್ ಕೊಡೋಕೆ ಆಗಲ್ಲ, ಅವರು ಹೋಗಿಯಾಗಿದೆ. ಮುಂದೆ ಬರೋರಿಗೆ ಮಾತ್ರ ತೀರಿಸಬಹುದು. ಚಿಗವ್ವನ ಪ್ರಶ್ನೆಗೆ ನನಗೆ ಹೊಳೆದ ಉತ್ತರ ಇಷ್ಟು.

ಯಾಕೆ ಮಾಡಬೇಕು ಅನ್ನೋದಕ್ಕೆ ಇದು ಉತ್ತರ ಆಯಿತು. ಹೇಗೆ ಅನ್ನೋದನ್ನ ತಂಗಿಯೇ ಕಂಡುಕೊಂಡಳು.

ಅವಳು ಹೆಸರನ್ನೂ ಹೇಳಲಿಲ್ಲ, ಉದಾಹರಣೆಯನ್ನೂ ಕೊಡಲಿಲ್ಲ. ಬದಲಿಗೆ ಒಂದು ಲೆಕ್ಕ ಕೇಳಿದಳು: ಐದು ವರ್ಷ ದಾಟಿದ ವಿದ್ಯಾರ್ಥಿಗಳು ಇಡೀ ಕೇಂದ್ರದಲ್ಲಿ ಎಷ್ಟು ಜನ? ಜೊತೆಗೆ ಒಂದು ನಿಯಮ ಕೇಳಿದಳು: ಐದು ವರ್ಷ ದಾಟಿದ ಪ್ರತಿಯೊಬ್ಬರಿಗೂ ಆರು ತಿಂಗಳಿಗೊಮ್ಮೆ ಥೀಸಿಸ್ ಸಮಿತಿ ಸೇರಬೇಕು, ಇನ್ನು ಏನೇನು ಕೆಲಸ ಬಾಕಿ ಅಂತ ಬರಹದಲ್ಲಿ ಕೊಡಬೇಕು. ಅವಳು ಯಾರ ಮೇಲೂ ಆರೋಪ ಮಾಡಲಿಲ್ಲ. ಒಳ್ಳೆಯ ಗೈಡುಗಳು ಈಗಾಗಲೇ ಮಾಡ್ತಿದ್ದದ್ದನ್ನ ಎಲ್ಲರಿಗೂ ಅನ್ವಯಿಸಿ ಅಂದಳು, ಅಷ್ಟೇ. ಆದರೂ ಟೇಬಲ್ಲಿನ ಆ ಕಡೆ ಕೂತಿದ್ದ ಒಬ್ಬರು ಕೇಳಿದರಂತೆ: "ನಿನಗೆ ಇನ್ನೂ ನಾಲ್ಕನೇ ವರ್ಷ ಅಲ್ವಾ, ನಿನಗ್ಯಾಕೆ ಇದರ ಚಿಂತೆ?" ಚಿಗವ್ವನ ಪ್ರಶ್ನೆಯೇ, ಭಾಷೆ ಇಂಗ್ಲಿಷ್. "ನಂಗ ಐದನೇದು ಬರೋದೈತಲ್ಲ" ಅಂತ ಇವಳೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು.

ಸಭೆಯ ನಡಾವಳಿಯಲ್ಲಿ "ಪರಿಶೀಲಿಸಲಾಗುವುದು" ಅಂತ ಬರೆದರು. ಆರು ತಿಂಗಳ ಬದಲು ವರ್ಷಕ್ಕೊಮ್ಮೆ ಅಂತ ಕುಗ್ಗಿ ನಿಯಮ ಜಾರಿಗೆ ಬರೋಕೆ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಆ ಸೀನಿಯರ್ ಗೈಡ್ ಹೇಳಿದ ಇನ್ನೊಂದು ಪೇಪರನ್ನೂ ಮುಗಿಸಿ, ಥೀಸಿಸ್ ಕೊಟ್ಟು, ಹೋಗಿಬಿಟ್ಟಿದ್ದ. ಅವನಿಗೆ ಈ ನಿಯಮದಿಂದ ಏನೂ ಆಗಲಿಲ್ಲ.

ಇಲ್ಲಿ ನೀವು ನಿಲ್ಲಿಸಿ ಕೇಳಬಹುದು: ಹಾಗಾದರೆ ಅವಳು ಅವನನ್ನ ಕೈಬಿಟ್ಟ ಹಾಗಾಗಲಿಲ್ಲವಾ? ನೋವು ಅವನದ್ದು, ಅದನ್ನ ತಗೊಂಡು ನಿಯಮ ಮಾಡಿಸಿದ್ದು ಇನ್ಯಾರಿಗೋ. ಈ ಆಕ್ಷೇಪವನ್ನ ತಳ್ಳಿಹಾಕೋಕೆ ನನ್ನಿಂದ ಆಗಲ್ಲ. ಒಬ್ಬನ ಕಷ್ಟವನ್ನ ಎಲ್ಲರ ನಿಯಮ ಮಾಡುವಾಗ ಆ ಒಬ್ಬ ಅದರಿಂದ ಜಾರಿ ಹೋಗ್ತಾನೆ. ಹೆಸರು ತೆಗೆದರೆ ಅವನು ಸುರಕ್ಷಿತ, ಆದರೆ ಅವನ ಅಪ್ಪನ ಕಾಯಿಲೆ, ಅವನ ಅವಸರ ಎಲ್ಲವೂ ಹೆಸರಿನ ಜೊತೆಗೇ ಹೋಗ್ತಾವೆ.

1774ರಲ್ಲಿ ಎಡ್ಮಂಡ್ ಬರ್ಕ್ ಬ್ರಿಸ್ಟಲ್ ನಗರದ ಮತದಾರರ ಮುಂದೆ ಒಂದು ಪ್ರಸಿದ್ಧ ಭಾಷಣ ಮಾಡಿದ. ಪ್ರತಿನಿಧಿ ಅಂದರೆ ನೀವು ಹೇಳಿದ್ದನ್ನ ಒಪ್ಪಿಸೋ ಆಳಲ್ಲ, ಅವನು ತನ್ನ ವಿವೇಕವನ್ನೂ ನಿಮಗೆ ಕೊಡಬೇಕು ಅನ್ನೋದು ಅದರ ಸಾರ. ಆರು ವರ್ಷಕ್ಕೆ ಬ್ರಿಸ್ಟಲ್ ಅವನನ್ನ ಬಿಟ್ಟಿತು. ಸೋಲು ಖಾತ್ರಿ ಅಂತ ಗೊತ್ತಾಗಿ ಅವನೇ ಕಣದಿಂದ ಹಿಂದೆ ಸರಿದ. ತಂಗಿಯೂ ತನ್ನ ವಿವೇಕ ಬಳಸಿದಳು. ಆದರೆ ಬರ್ಕ್ ವಿಷಯದಲ್ಲಿ ಪಣಕ್ಕಿದ್ದದ್ದು ಅವನದೇ ಸೀಟು. ಇಲ್ಲಿ ಇವಳ ವಿವೇಕಕ್ಕೆ ಬೆಲೆ ತೆರೋಕೆ ಇನ್ನೊಬ್ಬನ ಆರು ವರ್ಷದ ದುಡಿಮೆ ಇತ್ತು. ಅದನ್ನ ಪಣಕ್ಕಿಡೋ ಹಕ್ಕು ಅವಳಿಗಿರಲಿಲ್ಲ. ಹೆಸರು ಹೇಳಿ ಹೋರಾಡಿದ್ದರೆ ಅವಳಿಗೆ ಧೈರ್ಯಸ್ಥೆ ಅನ್ನೋ ಹೆಸರು ಬರ್ತಿತ್ತು, ಅದರ ಬಿಲ್ಲು ಅವನ ಮನೆಗೆ ಹೋಗ್ತಿತ್ತು.

ನನಗೆ ತೋಚೋದು ಹೀಗೆ. ಪ್ರತಿನಿಧಿಗೆ ಎರಡು ಕರ್ತವ್ಯ ಇವೆ, ಒಂದು ಮಾಡಿದ್ದಕ್ಕೆ ಇನ್ನೊಂದು ಮಾಫಿ ಆಗಲ್ಲ. ಸಭೆಗೆ ಅವಳು ನಿಯಮ ಕೇಳಬೇಕು, ಯಾಕಂದರೆ ಮುಂದೆ ಬರೋನಿಗೆ ಧೈರ್ಯದ ಅಗತ್ಯವೇ ಇರಬಾರದು. ಆ ವ್ಯಕ್ತಿಗೆ ಅವಳು ಜೊತೆ ಕೊಡಬೇಕು, ಅವನಿಗೆ ನಿಯಮದಿಂದ ಏನೂ ಸಿಗದಿದ್ದರೂ. ತಂಗಿ ಎರಡನೆಯದನ್ನೂ ಮಾಡಿದಳು. ಕೇಂದ್ರದಲ್ಲಿ ಗುಟ್ಟು ಬಿಡದ ಒಬ್ಬ ಹಿರಿಯ ಪ್ರೊಫೆಸರ್ ಹತ್ತಿರ ಅವನು ಮಾತಾಡೋಕೆ ಹೋದಾಗ ಜೊತೆಗೆ ಹೋಗಿ ಹೊರಗೆ ಬೆಂಚಿನ ಮೇಲೆ ಒಂದು ತಾಸು ಕೂತಳು. ಅವನು ಊರಿಗೆ ಹೋದ ಹತ್ತು ದಿನ ಅವನ ಪ್ರೋಟೀನ್ ಸ್ಯಾಂಪಲ್ಲು ಕೆಡದ ಹಾಗೆ ನೋಡಿಕೊಂಡಳು. ಇದ್ಯಾವುದೂ ನಡಾವಳಿಯಲ್ಲಿ ಇಲ್ಲ.

ಇದು ಲ್ಯಾಬಿನವರ ಕತೆ ಮಾತ್ರ ಅಂತ ನೀವು ಅಂದುಕೊಳ್ಳಬೇಡಿ. 2024ರ ಜುಲೈನಲ್ಲಿ ಕರ್ನಾಟಕದ ಐಟಿ ಕೆಲಸಗಾರರ ದಿನದ ಅವಧಿಯನ್ನ 14 ಗಂಟೆಗೆ ಏರಿಸೋ ಪ್ರಸ್ತಾಪ ಸುದ್ದಿಯಾದಾಗ ನಾವೆಲ್ಲ ವಾಟ್ಸಾಪಿನಲ್ಲಿ ಮೀಮ್ ಹಂಚಿದ್ವಿ. ಬೀದಿಗಿಳಿದು ವಿರೋಧ ಮಾಡಿದ್ದು ಕೆಐಟಿಯು ಅನ್ನೋ ನೌಕರರ ಸಂಘ. ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಾಯಿಸೋ ನಾವೂ ವಿದ್ಯಾರ್ಥಿಗಳ ಹಾಗೇ, ಎಲ್ಲೂ ನಿಲ್ಲದ ಊರಿನ ಜನ. "ಹೇಗಿದ್ರೂ ಮುಂದಿನ ವರ್ಷ ನಾನು ಇಲ್ಲಿ ಇರಲ್ಲ" ಅನ್ನೋದು ನಮ್ಮ ಅತಿ ದೊಡ್ಡ ಸ್ವಾತಂತ್ರ್ಯ, ಸುಮ್ಮನಿರೋಕೆ ಅತಿ ಸುಲಭದ ನೆಪವೂ ಹೌದು. ಆದರೆ ನಾಳೆ ನೀವು ಬಿಟ್ಟು ಹೋಗೋ ಕುರ್ಚಿಯಲ್ಲಿ ಮುಂಡರಗಿಯಿಂದಲೋ ಶಿರಹಟ್ಟಿಯಿಂದಲೋ ಮೊದಲ ಸಲ ಬೆಂಗಳೂರಿಗೆ ಬಂದ ಒಬ್ಬ ಹುಡುಗಿ ಕೂರ್ತಾಳೆ. ಯಾರನ್ನ ಏನು ಕೇಳಬಹುದು ಅಂತಲೂ ಅವಳಿಗೆ ಗೊತ್ತಿರಲ್ಲ.

ತಂಗಿ ಈಗ ಥೀಸಿಸ್ ಬರೀತಿದ್ದಾಳೆ. ಐದು ವರ್ಷ ದಾಟಿದ್ದರಿಂದ ಹೊಸ ನಿಯಮದ ಪ್ರಕಾರ ಅವಳ ಸಮಿತಿಯೂ ಸೇರಿತು, ಬಾಕಿ ಕೆಲಸದ ಪಟ್ಟಿ ಒಂದು ಹಾಳೆಯಲ್ಲಿ ಕೈಗೆ ಬಂತು. ನಾಲ್ಕು ಸಾಲು, ಕೆಳಗೆ ಎಲ್ಲರ ಸಹಿ. ಅದರಲ್ಲಿ ಒಂದು ಸಹಿ ಆ ಪ್ರೊಫೆಸರದ್ದು.